ಮೇಸ್ತ್ರಿಯ ಮಾತು

ಶಿಷ್ಯ ಹಂಪಣ್ಣ ಕೇಳಿದ: “ಗುರುಗಳೇ, ನಾನು ಹೋದಲ್ಲೆಲ್ಲ ನಾಲ್ಕು ಜನರ ಪರಿಚಯ ಮಾಡಿಕೊಳ್ಳುತ್ತೇನೆ. ಯಾರಾದರೂ ನನ್ನ ಪರವಾಗಿ ಒಂದು ಮಾತು ಆಡಿದರೆ, ಮರುದಿನವೇ ಹಣ್ಣು ಹೂವು ತೆಗೆದುಕೊಂಡು ಹೋಗಿ ಕೈಮುಗಿದು ಬರುತ್ತೇನೆ. ಇದಕ್ಕಿಂತ ಹೆಚ್ಚಿನ ಕೃತಜ್ಞತೆ ಯಾವುದು?”

ಗುರುಗಳು ಹೇಳಿದರು:

ಯಾರ ಮಾತಿನಿಂದ ಕೆಲಸ ಸಿಕ್ಕಿತೋ ಅವರ ಬಳಿಗೆ ಹೋಗಿ, ಆ ಕೆಲಸ ಹೇಗಾಯಿತೆಂದು ಇದ್ದದ್ದು ಇದ್ದಂತೆ ಹೇಳಬೇಕು. ಗಾರೆಯವರ ಊರೊಂದರಲ್ಲಿ ಇದು ಕಟ್ಟಳೆ. ಒಬ್ಬನನ್ನು ಬಿಟ್ಟು ಎಲ್ಲರೂ ಅದನ್ನು ಮುರಿದರು.

ಆ ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ವಯಸ್ಸಾಗಿ ಕರಣೆ ಹಿಡಿಯುವುದನ್ನು ಬಿಟ್ಟಿದ್ದ. ಆದರೂ ಸುತ್ತಲ ಊರುಗಳಲ್ಲಿ ಮನೆ ಕಟ್ಟಿಸುವವರು ಅವನನ್ನು ಕೇಳದೆ ಗೋಡೆಗೆ ಗಾರೆ ಹಚ್ಚಿಸುತ್ತಿರಲಿಲ್ಲ. ಅವನು ಹೆಸರು ಹೇಳಿದವನಿಗೆ ಕೆಲಸ.

ಕೆಲಸ ಸಿಕ್ಕವರು ಬಾಳೆಗೊನೆ ಹೊತ್ತು ಬರುತ್ತಿದ್ದರು. ಕಾಲಿಗೆ ಬೀಳುತ್ತಿದ್ದರು. ಮುಂದಿನ ಕೆಲಸ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಗೋಡೆ ಹೇಗೆ ಬಂತೆಂದು ಯಾರೂ ಹೇಳಲಿಲ್ಲ. ಮೇಸ್ತ್ರಿಯೂ ಕೇಳುವುದನ್ನು ಬಿಟ್ಟ. ಹೊರಗೆ ಮಾತ್ರ ಕೆಲವರು, ‘ಮೇಸ್ತ್ರಿ ಕಳಿಸಿದವನೇ ಆದರೂ ಒಮ್ಮೆ ನೋಡಿಕೊಳ್ಳಿ’ ಎಂದು ತಮ್ಮ ನೆಂಟರಿಗೆ ಹೇಳತೊಡಗಿದ್ದರು. ಅದು ಅವನ ಕಿವಿಗೆ ಬಿದ್ದಿರಲಿಲ್ಲ.

ಮಳೆಗಾಲ ಹತ್ತಿರ ಬಂತು. ಮಳೆ ಹಿಡಿದರೆ ಗಾರೆಯವರು ನಾಲ್ಕು ತಿಂಗಳು ಸುಮ್ಮನೆ ಕೂರಬೇಕು. ಉಳಿದಿದ್ದದ್ದು ಒಂದೇ ದೊಡ್ಡ ಕೆಲಸ, ಛತ್ರದ ನೀರಿನ ತೊಟ್ಟಿ. ಅದು ಸಿಕ್ಕವನ ಮನೆಯಲ್ಲಿ ಮಳೆಗಾಲವಿಡೀ ಒಲೆ ಉರಿಯುತ್ತಿತ್ತು. ಮೇಸ್ತ್ರಿಯ ಜಗಲಿ ತುಂಬಿತು.

ಒಬ್ಬ ಗಾರೆಯವನು ಬರಿಗೈಯಲ್ಲಿ ಬಂದ. ಜಗಲಿಯ ಮೇಲಿದ್ದವನೊಬ್ಬ ನಕ್ಕ. “ಏನಣ್ಣ, ನಿನ್ನ ಹಣ್ಣು ಇನ್ನೂ ಗಿಡದಲ್ಲೇ ಇದೆಯೋ?”

ಅವನು ಅತ್ತ ತಿರುಗಲಿಲ್ಲ. “ಮೇಸ್ತ್ರಿಗಳೇ, ನೀವು ಹೇಳಿ ಕೊಡಿಸಿದ ದಿನಸಿ ವ್ಯಾಪಾರಿಯ ಮನೆಯ ಕೆಲಸ ಕೆಡಿಸಿದ್ದೇನೆ. ಸುಣ್ಣ ನೀರಿನಲ್ಲಿ ಪೂರ್ತಿ ಅರಳುವ ಮೊದಲೇ ಅವಸರದಲ್ಲಿ ಹಚ್ಚಿಬಿಟ್ಟೆ. ನಡುಮನೆಯ ಗೋಡೆ ಅಲ್ಲಲ್ಲಿ ಉಬ್ಬಿದೆ. ಇನ್ನೊಂದು ತಿಂಗಳಿಗೆ ಉದುರುತ್ತದೆ.”

“ವ್ಯಾಪಾರಿ ನೋಡಿದನೇ?”

“ಇಲ್ಲ. ನಿಮಗೆ ಹೇಳಿ ಆಮೇಲೆ ಅವರಿಗೆ ಹೇಳೋಣ ಎಂದು ಬಂದೆ.”

ಮೇಸ್ತ್ರಿ ದನಿ ತಗ್ಗಿಸಿದ. “ಬಾಯಿ ಮುಚ್ಚಿಕೋ ಮಾರಾಯ. ಛತ್ರದವರು ತೊಟ್ಟಿಗೆ ನಿನ್ನನ್ನೇ ಕೇಳಿದ್ದಾರೆ. ಈಗಲೇ ಹೂಂ ಎನ್ನುತ್ತೇನೆ, ನಾಳೆ ಕೆಲಸ ಹಿಡಿ. ಗೋಡೆಯದು ಮಳೆಗಾಲ ಕಳೆದ ಮೇಲೆ ನೋಡಿದರಾಯಿತು.”

“ಬೇಡ ಮೇಸ್ತ್ರಿಗಳೇ. ಆ ಗೋಡೆ ಕಟ್ಟಿಸಿದವರು ನನ್ನನ್ನು ನಂಬಿದ್ದಲ್ಲ, ನಿಮ್ಮನ್ನು. ಅದು ಸರಿಯಾಗುವವರೆಗೆ ನನ್ನ ಹೆಸರು ಎಲ್ಲಿಯೂ ಹೇಳಬೇಡಿ.”

ಜಗಲಿಯ ಮೇಲಿದ್ದ ಒಬ್ಬೊಬ್ಬರಿಗೂ ತಾವು ಕೆಡಿಸಿ ಬಿಟ್ಟುಬಂದ ಒಂದೊಂದು ಗೋಡೆ ಗೊತ್ತಿತ್ತು. ಅದನ್ನು ಹೇಳಲು ಯಾರೂ ಏಳಲಿಲ್ಲ.

ಆ ಗಾರೆಯವನು ವ್ಯಾಪಾರಿಯ ಮನೆಗೆ ಹೋದ. ತಪ್ಪು ಒಪ್ಪಿಕೊಂಡ. ಬೈಗುಳ ಕೇಳಿಸಿಕೊಂಡ. ನಂತರ ಉಳಿ ತೆಗೆದುಕೊಂಡು, ತಾನು ಹಚ್ಚಿದ ಗಾರೆಯನ್ನು ತಾನೇ ಕೆತ್ತಿ ಕೆಡವತೊಡಗಿದ. ತೊಟ್ಟಿಯ ಕೆಲಸ ಬೇರೊಬ್ಬನಿಗೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು.

ಹಂಪಣ್ಣ ಕೇಳಿದ: “ಅಷ್ಟು ಪ್ರಾಮಾಣಿಕನಾದ ಮೇಲೆ, ಆಮೇಲಾದರೂ ಅವನಿಗೆ ಒಳ್ಳೊಳ್ಳೆಯ ಕೆಲಸಗಳು ಸಿಕ್ಕಿರಬೇಕಲ್ಲವೇ ಗುರುಗಳೇ?”

“ಜಗಲಿಯ ಮೇಲಿದ್ದವರಂತೆ ನೀನೂ ಮುಂದಿನ ಕೆಲಸವನ್ನೇ ಕೇಳಿದೆ. ಮೇಸ್ತ್ರಿಯ ಮಾತಿಗೆ ಬೆಲೆ ಉಳಿಯಿತೇ ಎಂದು ಕೇಳಲಿಲ್ಲ,” ಎಂದರು ಗುರುಗಳು.