ಬೆಂಡ್ ಪೈಪೂ ತಂತಿ ಬ್ರಷ್ಷೂ

ದಸ್ತಗೀರ್ ಮೇಸ್ತ್ರಿಯ ಗ್ಯಾರೇಜಿನಲ್ಲಿ ಹಳೇ ಮೋಟರ್‌ಸೈಕಲ್ಲೊಂದು ಮತ್ತೆ ಜೀವ ಪಡೆಯುತ್ತಿತ್ತು. ಅದರ ಸೈಲೆನ್ಸರಿನ ಬೆಂಡ್ ಪೈಪಿಗೆ ಮಾತ್ರ ಎದೆ ಢವಢವ. ಬಾಗಿದ ಜಾಗದ ಒಳಮಗ್ಗುಲಲ್ಲಿ ಸಾಸಿವೆಯಷ್ಟು ತುಕ್ಕು ಹಿಡಿದಿತ್ತು. ಅದನ್ನು ಕಂಡದ್ದು ಪಕ್ಕದಲ್ಲಿದ್ದ ತಂತಿ ಬ್ರಷ್ಷು ಒಂದೇ.

“ಆ ಮಗ್ಗುಲು ಮೇಸ್ತ್ರಿಗೆ ಕಾಣುವಂತೆ ತಿರುಗು. ನಾನು ಉಜ್ಜಿದರೆ ಉರಿಯುತ್ತದೆ, ಆದರೆ ಉಳಿಯುತ್ತೀಯ,” ಎಂದಿತು ಬ್ರಷ್ಷು.

“ಮೈಯೆಲ್ಲ ಗೀರಿಸಿಕೊಳ್ಳಲೇ? ಇನ್ನೊಂದು ಗಳಿಗೆಗೆ ಪಟ್ಟಿ ಸುತ್ತುತ್ತಾರೆ. ಆಮೇಲೆ ನೋಡುವವರು ಯಾರು? ನೀನು ಬಾಯಿ ಮುಚ್ಚಿಕೊಂಡಿರು.”

ಸುತ್ತಲು ಸಲೀಸಾಗಲೆಂದು ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಿಸಿ ತಡೆಯುವ ಪಟ್ಟಿ ತಲೆಯೆತ್ತಿತು. “ಪೈಪಣ್ಣಾ, ನಾನು ಬಿಸಿಯನ್ನಷ್ಟೇ ಅಲ್ಲ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತೇನೆ. ಗಾಯವಿದ್ದರೆ ಈಗಲೇ ಹೇಳಿಬಿಡು.”

“ಏನೂ ಇಲ್ಲ,” ಎಂದಿತು ಪೈಪು.

ದಸ್ತಗೀರ್ ಬಂದು ಪೈಪಿನ ಮೇಲೆ ಬೆರಳಾಡಿಸಿದ. ಬೆರಳು ಬಾಗಿನವರೆಗೂ ಬಂದು ನಿಂತಿತು. ಪೈಪು ತುಕ್ಕಿನ ಮಗ್ಗುಲನ್ನು ಮೆಲ್ಲಗೆ ಕೆಳಕ್ಕೆ ಹೊರಳಿಸಿಕೊಂಡಿತು.

“ಗಟ್ಟಿಯಾಗಿದ್ದೀಯ ಮಗನೇ,” ಎಂದವನೇ ಅವನು ಒದ್ದೆ ಪಟ್ಟಿಯನ್ನು ಎಳೆದೆಳೆದು ಸುತ್ತಿ ಕ್ಲ್ಯಾಂಪ್ ಬಿಗಿದ.

ಒಳಗೆ ಕತ್ತಲಾಯಿತು. ಆ ಕತ್ತಲಲ್ಲಿ ತುಕ್ಕು ಮೊದಲ ಸಲ ಬಾಯಿ ಬಿಟ್ಟಿತು: “ಇನ್ನು ನಾವಿಬ್ಬರೇ.”

ಒಂದು ಮಳೆಗಾಲ ಕಳೆಯಿತು. ಗಾಡಿಯ ಸದ್ದು ಒಡೆದದ್ದನ್ನು ಕೇಳಿ ದಸ್ತಗೀರ್ ಪಟ್ಟಿ ಬಿಚ್ಚಿದ. ಅದರ ಜೊತೆಗೇ ಬಾಗು ಪುಡಿಪುಡಿಯಾಗಿ ಅವನ ಅಂಗೈಗೆ ಉದುರಿತು.

“ಬ್ರಷ್ಷಣ್ಣಾ, ಬೇಗ ಬಾ, ಉಜ್ಜು!” ಎಂದು ಪೈಪು ಕೂಗಿಕೊಂಡಿತು.

ಬ್ರಷ್ಷು ಆ ಅಂಗೈಯನ್ನು ನೋಡಿತು. “ಎಲ್ಲಿ ಉಜ್ಜಲಿ? ಅಲ್ಲಿ ತುಕ್ಕು ಇದೆ, ನೀನಿಲ್ಲ.”