ಶಾಲೆ ಬಿಡಲು ಕಾರಣ

ಗದಗಿನಲ್ಲಿ ಬಟ್ಟೆ ಹೊಲಿಯುವ ಗುರುಸಿದ್ದವ್ವ ಮಗಳು ಕಸ್ತೂರಿಗೆ ಮನೆಯಲ್ಲೇ ಪಾಠ ಹೇಳಿ, ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಿಸಿ ಪಾಸು ಮಾಡಿಸಿದಳು. ಕಾಲೇಜಿಗೆ ಕರೆತಂದರೆ ಪ್ರಿನ್ಸಿಪಾಲರು ಅಂಕಪಟ್ಟಿಯನ್ನು ನೋಡಲೇ ಇಲ್ಲ.

"ಹಿಂದಿನ ಸಾಲಿ ಟಿ.ಸಿ. ಇಲ್ಲಂದ್ರ ಸೀಟಿಲ್ಲ. ಮನಿ ಸಾಲಿ ಆಗತೈತೇನು?"

"ಟಿ.ಸಿ. ಫಾರ್ಮ್ ಕೊಡ್ರಿ ಸರ್. ಆ ಸಾಲಿ ಹೆಡ್ ಟೀಚರ್ ನಾನ ಅದೀನಿ."

ಅಲ್ಲೇ ಬೆಂಚಿನ ಮೇಲೆ ಕೂತು ತುಂಬಿ ಕೊಟ್ಟಳು. ಪ್ರಿನ್ಸಿಪಾಲರು ತಪ್ಪು ಹುಡುಕುತ್ತ ಓದಿದರು.

ಹಾಜರಿ: ಭಾನುವಾರವೂ ತಪ್ಪಿಸಿಲ್ಲ.

ನಡತೆ: ತಿಳಿಯದಿದ್ದರೆ ಕೇಳದೆ ಬಿಡುವುದಿಲ್ಲ.

ಶಾಲೆ ಬಿಡಲು ಕಾರಣ: ಟೀಚರಿಗೆ ಬರುವುದೆಲ್ಲ ಮುಗಿಯಿತು.

ಪ್ರಿನ್ಸಿಪಾಲರು ಕೊನೆಯ ಸಾಲನ್ನು ಎರಡು ಸಲ ಓದಿದರು. "ಇಂಥಾ ಕಾರಣ ಬರಿಯೋ ಧೈರ್ಯ ನನಗೂ ಬಂದಿಲ್ಲವ್ವ," ಎಂದು ಸಹಿ ಹಾಕಿದರು. ಆಮೇಲೆ ಕಸ್ತೂರಿಯನ್ನು ಕೇಳಿದರು: "ಯಾವ ವಿಷಯ ತಗೋತಿ?"

"ಅವ್ವಗ ಬರಲಾರದ್ದು ಕೊಡ್ರಿ ಸರ್. ಸಂಜಿಗೆ ಹೋಗಿ ಆಕಿಗೆ ಕಲಿಸ್ತೀನಿ."