ಹಂದಿಮರಿಯ ಗಾಯ ಕೂಗಲು ಕಲಿತದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ನೋಡಿದರೂ ಕೆಸರು. ಹಂದಿಗಳಿಗೆ ಸ್ವರ್ಗವೇ ಅನ್ನಿ!

ಆಗ ಕೆಸರವ್ವ ಎಂಬ ಹಂದಿ ಹನ್ನೊಂದು ಮರಿ ಹಾಕಿದಳು. ಒಂದೊಂದು ಮರಿಗೂ ಅದರದೇ ಮೊಲೆ. ಇನ್ನೊಬ್ಬರದಕ್ಕೆ ಬಾಯಿ ಹಾಕುವ ಹಾಗಿಲ್ಲ. ಹಾಲು ಇಳಿಯುವುದೂ ಚೂರು ಹೊತ್ತು ಮಾತ್ರ. ಅಷ್ಟರಲ್ಲಿ ಒಬ್ಬ ಕಿರುಚಿದರೆ ಮುಗಿಯಿತು, ಹನ್ನೊಂದೂ ಮೊಲೆ ಬಿಟ್ಟು ರಂಪ ಮಾಡುತ್ತಿದ್ದವು.

ಕೆಸರವ್ವನಿಗೆ ಸಾಕುಸಾಕಾಯಿತು. "ಭೂಮಿತಾಯಿ, ನನ್ನ ಮಕ್ಕಳಿಗೆ ನೋವೇ ಗೊತ್ತಾಗದ ಹಾಗೆ ಮಾಡು. ಈ ಗಲಾಟೆ ನಿಲ್ಲಲಿ" ಎಂದು ಬೇಡಿಕೊಂಡಳು.

ಪ್ರತಿ ಮರಿಯ ಮೈಯೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕಾವಲಿನವರಿದ್ದರು. ಜೀವಕೋಶಗಳು ಅಂತ ಅವರ ಹೆಸರು. ಪೆಟ್ಟಾದಾಗ ಅವರು ಹಾಕುವ ಕೂಗೇ ಮರಿಗೆ ನೋವಾಗಿ ತಿಳಿಯುತ್ತಿತ್ತು. ಭೂಮಿತಾಯಿ ಅವರಿಗೆ, "ಏನೇ ಆದರೂ ಕೂಗಬೇಡಿ" ಎಂದಳು. ಅವರು ಗಪ್‌ಚುಪ್ಪಾದರು.

ಆಹಾ, ಎಂಥ ನೆಮ್ಮದಿ! ಬಿದ್ದರೂ ಅಳುವಿಲ್ಲ, ತರಚಿದರೂ ಅಳುವಿಲ್ಲ. ಕೆಸರವ್ವ ಕಾಲು ಚಾಚಿ ಮಲಗಿ ಹಾಲುಣಿಸಿದಳು.

ಒಂದು ಬೆಳಿಗ್ಗೆ ಕೊನೆಯ ಮೊಲೆಗೆ ಯಾರೂ ಬರಲಿಲ್ಲ. ಅದು ಕಿರಿಯವನಾದ ಚೋಟನದು.

ಚೋಟ ಜಾಲಿಮರದ ಬುಡದಲ್ಲಿ ಬಿದ್ದಿದ್ದ. ಹಿಂಗಾಲಿಗೆ ಮುಳ್ಳು ಚುಚ್ಚಿತ್ತು. ಕೆಂಪಿಲ್ಲ, ಊತವಿಲ್ಲ, ಬಿಸಿಯಿಲ್ಲ. ಮರಿ ಮಾತ್ರ ಕಣ್ಣು ತೆರೆಯುತ್ತಿಲ್ಲ. ಹುಡುಕಿಕೊಂಡು ಬಂದ ಕೆಸರವ್ವ ಹಲ್ಲಿನಲ್ಲಿ ಮುಳ್ಳು ಕಿತ್ತಳು.

"ಏನಾಯ್ತ್ರೋ ಒಳಗೆ?" ಎಂದು ಗಾಯದ ಹತ್ತಿರ ಮೂತಿಯಿಟ್ಟು ಕಾವಲಿನವರನ್ನು ಕೇಳಿದಳು.

"ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಅನ್ನೋ ಕಳ್ಳರು ನುಗ್ಗಿದ್ದಾರೆ ಕಣವ್ವಾ," ಕಾವಲಿನವನೊಬ್ಬ ಪಿಸುಗುಟ್ಟಿದ. "ಹತ್ತು ಜನ ಇದ್ದವರು ಸಾವಿರ ಆಗಿದ್ದಾರೆ. ನಾವಿಲ್ಲಿ ನಾಲ್ಕೇ ಜನ."

"ಮತ್ತೆ ಜನ ಕರೀಬಾರದಿತ್ತಾ?"

"ಕೂಗಬಾರದು ಅಂತ ಹೇಳಿಸಿದ್ದು ನೀನೇ ಅಲ್ವಾ?"

ಕೆಸರವ್ವ ನೆಲಕ್ಕೆ ಮೂತಿಯಿಟ್ಟು ಬೇಡಿಕೊಂಡಳು: "ಭೂಮಿತಾಯಿ, ತಪ್ಪಾಯ್ತು! ನನ್ನ ಮಾತು ವಾಪಸ್ ತಗೋತೀನಿ. ಇವರು ಕೂಗಲಿ!"

"ಇವರು ಕೂಗಿದರೆ ಕಾಲು ಕೆಂಪಗಾಗುತ್ತೆ, ಬಿಸಿಯಾಗುತ್ತೆ, ಊದಿಕೊಳ್ಳುತ್ತೆ. ಮರಿಗೆ ನೋವಾಗುತ್ತೆ ಮಗಳೇ. ಕಿರುಚಾಡುತ್ತೆ."

"ಕಿರುಚಲಿ ತಾಯಿ! ಕಿರುಚೋಕೆ ಮರಿ ಉಳೀಬೇಕಲ್ಲ!"

ಭೂಮಿತಾಯಿ ಹೂಂ ಅಂದಳು. ನಾಲ್ಕೂ ಜನ ಗಂಟಲು ಹರಿಯುವ ಹಾಗೆ ಕೂಗಿದರು: "ಬನ್ರಪ್ಪೋ, ಬನ್ನಿ!" ರಕ್ತ ಆ ಕಡೆಗೆ ಉಕ್ಕಿ ಹರಿಯಿತು. ಅದರ ಜೊತೆ ಸಾವಿರಾರು ಕಾವಲಿನವರು ಬಂದಿಳಿದರು. ಅವರ ನೂಕುನುಗ್ಗಲಿಗೆ ಕಾಲು ಊದಿತು, ಕೆಂಪಗಾಯಿತು, ಬಿಸಿಯಾಯಿತು. ಕಳ್ಳರನ್ನು ಹಿಡಿಹಿಡಿದು ನುಂಗಿದರು.

ಚೋಟ ಕಣ್ಣು ಬಿಟ್ಟು "ಕುಂಯ್ಯೋ!" ಎಂದು ಕಿರುಚಿದ. ಓಡಿಬಂದ ಹತ್ತೂ ಮರಿಗಳು ಜೊತೆಗೂಡಿ ರಂಪ ಎಬ್ಬಿಸಿದವು. ಕೆಸರವ್ವ ಖುಷಿಗೆ ಗೊಳೋ ಎಂದು ಅತ್ತಳು.

"ಕೆಲಸ ಮುಗಿದ ಮೇಲೆ ಕೂಗು ನಿಲ್ಲಿಸಬೇಕು, ತಿಳೀತಾ?" ಎಂದು ಭೂಮಿತಾಯಿ ಕಾವಲಿನವರಿಗೆ ಗದರಿದಳು. ಹಾಗೇ ಊತವೂ ಇಳಿಯಿತು. ನಾಲ್ಕನೇ ದಿನ ಚೋಟ ಕುಂಟುತ್ತಾ ಬಂದು ತನ್ನ ಮೊಲೆಗೆ ಬಾಯಿ ಹಾಕಿದ.

ಅದಕ್ಕೇ ಪುಟ್ಟಾ, ಇವತ್ತಿಗೂ ಹಂದಿಮರಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಗೆ ಊದಿ ಬಿಸಿಯಾಗುತ್ತದೆ. ತರಚಿದ ನಿನ್ನ ಮಂಡಿಯೂ ಅಷ್ಟೇ; ಮೆಲ್ಲಗೆ ಕೈಯಿಟ್ಟು ನೋಡು, ಒಳಗಿನವರು ಜನ ಕರೆಯುತ್ತಿದ್ದಾರೆ.